ಸ್ಟೆತಾಸ್ಕೋಪ್ ಸಿದ್ಧವಾಗಿದೆ, ಮಾರುವ ಹಾದಿ ತಿಳಿಯುತ್ತಿಲ್ಲ: ವೈದ್ಯಕೀಯ ಸಾಧನದ ಲೈಸೆನ್ಸ್ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಉಣಕಲ್‌ಕೆರೆ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸ್ನೇಹಿತರು ಸೇರಿ ಹುಬ್ಬಳ್ಳಿಯಲ್ಲಿ ಎರಡು ವರ್ಷದಿಂದ ಒಂದು ಎಲೆಕ್ಟ್ರಾನಿಕ್ ಸ್ಟೆತಾಸ್ಕೋಪ್ ರೂಪಿಸುತ್ತಿದ್ದೇವೆ. ಎದೆಯ ಮೇಲಿಟ್ಟರೆ ಅದು ಹೃದಯದ ಸದ್ದನ್ನು ಹಿಗ್ಗಿಸಿ ಮೊಬೈಲ್‌ನಲ್ಲಿ ದಾಖಲಿಸುತ್ತದೆ. ಹಾಗೆ ದಾಖಲಾದ 15 ಸೆಕೆಂಡಿನ ಧ್ವನಿಯಲ್ಲಿ ಮರ್ಮರ್ (ಹೃದಯದ ಬಡಿತಗಳ ನಡುವೆ ಕೇಳುವ ಹೆಚ್ಚುವರಿ ಸದ್ದು) ಇದೆಯೇ ಇಲ್ಲವೇ ಎಂಬುದನ್ನು ನಮ್ಮ ಸಾಫ್ಟ್‌ವೇರ್ ಹಸಿರು ಅಥವಾ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಗದ್ದಲದ ತರಗತಿಯಲ್ಲಿ ನೂರಾರು ಮಕ್ಕಳ ಎದೆಬಡಿತವನ್ನು ಕಿವಿಯಿಂದಲೇ ಕೇಳಿ ರುಮ್ಯಾಟಿಕ್ ಹೃದಯರೋಗವನ್ನು ಗುರುತಿಸುವುದು ಎಷ್ಟು ಕಷ್ಟ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಈ ಕೆಲಸಕ್ಕೆ ಕೈಹಾಕಿದೆವು.

ಸಾಧನ ಕೆಲಸ ಮಾಡುತ್ತಿದೆ. ಆದರೆ ಕಳೆದ ತಿಂಗಳು ಒಂದು ಆಸ್ಪತ್ರೆಗೆ ತೋರಿಸಲು ಒಯ್ದಾಗ, ಖರೀದಿ ವಿಭಾಗದವರು ಪೆಟ್ಟಿಗೆಯನ್ನು ತೆರೆಯುವ ಮೊದಲೇ ಲೈಸೆನ್ಸ್ ಸಂಖ್ಯೆ ಕೇಳಿದರು. ನಮ್ಮ ಬಳಿ ಇರಲಿಲ್ಲ, ಅಲ್ಲಿಗೆ ಮಾತು ಮುಗಿಯಿತು. ಹಣ ಹೂಡಲು ಮುಂದೆ ಬಂದಿರುವವರೂ ಈಗ ಅದನ್ನೇ ಕೇಳುತ್ತಿದ್ದಾರೆ. ಕೈಯಲ್ಲಿರುವ ಹಣ ಇನ್ನು 14 ತಿಂಗಳಿಗೆ ಸಾಕಾಗುತ್ತದೆ.

ನನ್ನ ಪ್ರಶ್ನೆಗಳು ಇವು. ಲೈಸೆನ್ಸ್ ಕೆಲಸವನ್ನು ಯಾವ ಹಂತದಲ್ಲಿ ಆರಂಭಿಸಬೇಕಿತ್ತು, ಈಗಾಗಲೇ ತಡವಾಗಿದೆಯೇ? ಸದ್ಯಕ್ಕೆ ‘ವೆಲ್‌ನೆಸ್ ಉತ್ಪನ್ನ’ ಎಂದು ಮಾರುತ್ತಾ, ಬಂದ ಹಣದಲ್ಲಿ ಮುಂದಿನ ದಾರಿ ನೋಡಿಕೊಳ್ಳಬಹುದೇ? ಹೊಸ ತಂತ್ರಜ್ಞಾನದ ಕಂಪನಿಗಳಿಗೆ ನಿಯಮಗಳಿಂದ ಸ್ವಲ್ಪ ಕಾಲ ವಿನಾಯಿತಿ ಕೊಡುವ ಕಾನೂನು ಕರ್ನಾಟಕದಲ್ಲಿದೆ ಎಂದು ಓದಿದ್ದೇನೆ. ಅದು ನಮಗೆ ಅನ್ವಯಿಸುತ್ತದೆಯೇ? ಇಲ್ಲಿಗಿಂತ ಮೊದಲು ವಿದೇಶದಲ್ಲಿ ಅನುಮತಿ ಪಡೆಯುವುದು ಜಾಣತನವೇ?

ಉತ್ತರ: ನಿಯಮನೋಟ (ಬೆಂಗಳೂರು)

ವೈದ್ಯಕೀಯ ಸಾಧನಗಳ ಪರವಾನಗಿ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ನಾಲ್ಕು ಪ್ರಶ್ನೆಗಳಿಗೂ ಮೊದಲು ನೀವೇ ಉತ್ತರಿಸಬೇಕಾದ ಒಂದು ಪ್ರಶ್ನೆ ಇದೆ. ನಿಮ್ಮ ಪೆಟ್ಟಿಗೆಯೊಳಗಿನ ಮಾಹಿತಿ ಪತ್ರದ ಮೊದಲ ಸಾಲು ಏನು ಹೇಳುತ್ತದೆ?

ಕೆಳಗಿನ ಮೂರು ವಾಕ್ಯಗಳನ್ನು ನೋಡಿ. ‘ಹೃದಯ ಮತ್ತು ಶ್ವಾಸಕೋಶದ ಸದ್ದನ್ನು ಹಿಗ್ಗಿಸಿ ದಾಖಲಿಸುತ್ತದೆ.’ ‘ಅಸಹಜ ಸದ್ದು ಇರಬಹುದಾದ ಕಡೆ ವೈದ್ಯರ ಗಮನ ಸೆಳೆಯುತ್ತದೆ.’ ‘ಮಕ್ಕಳಲ್ಲಿ ರುಮ್ಯಾಟಿಕ್ ಹೃದಯರೋಗವನ್ನು ಪತ್ತೆಹಚ್ಚುತ್ತದೆ.’ ಮೂರಕ್ಕೂ ಅದೇ ಮೈಕ್, ಅದೇ ಸರ್ಕ್ಯೂಟ್ ಬೋರ್ಡ್, ಅದೇ ಪ್ರೋಗ್ರಾಮ್ ಇರಬಹುದು. ಕಾನೂನಿನ ಕಣ್ಣಿಗೆ ಮಾತ್ರ ಇವು ಮೂರು ಬೇರೆ ಬೇರೆ ವಸ್ತುಗಳು. ನಮ್ಮ ಭಾಷೆಯಲ್ಲಿ ಇದನ್ನು ‘ಉದ್ದೇಶಿತ ಬಳಕೆ’ ಎನ್ನುತ್ತೇವೆ. ಸಾಧನ ಯಾವ ವರ್ಗಕ್ಕೆ ಸೇರುತ್ತದೆ, ಯಾವ ಕಚೇರಿಗೆ ಅರ್ಜಿ ಹೋಗುತ್ತದೆ, ರೋಗಿಗಳ ಮೇಲೆ ಪರೀಕ್ಷೆ ಬೇಕೇ ಬೇಡವೇ, ಹೀಗೆ ಮುಂದಿನದೆಲ್ಲವೂ ಈ ಒಂದು ಸಾಲಿನಿಂದ ಹುಟ್ಟುತ್ತದೆ. ಆದ್ದರಿಂದ ‘ಯಾವ ಹಂತದಲ್ಲಿ ಆರಂಭಿಸಬೇಕಿತ್ತು’ ಎಂಬುದಕ್ಕೆ ನನ್ನ ಉತ್ತರ: ಮೊದಲ ಮೈಕ್ ಕೊಳ್ಳುವ ಮೊದಲೇ, ಈ ವಾಕ್ಯ ಬರೆಯುವಾಗಲೇ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮಲ್ಲಿ ವೈದ್ಯಕೀಯ ಸಾಧನಗಳ ನಿಯಮಾವಳಿ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಜನವರಿಯಿಂದ. ಆಗ ಆಯ್ದ ಕೆಲವು ಸಾಧನಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. 2020ರ ಫೆಬ್ರುವರಿಯ ಅಧಿಸೂಚನೆಯು ಸಾಫ್ಟ್‌ವೇರನ್ನೂ ಸೇರಿಸಿ ಎಲ್ಲ ವೈದ್ಯಕೀಯ ಸಾಧನಗಳನ್ನು ಏಪ್ರಿಲ್ 1ರಿಂದ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅಪಾಯ ಕಡಿಮೆ ಇರುವ ‘ಎ’ಯಿಂದ ಹೆಚ್ಚಿರುವ ‘ಡಿ’ವರೆಗೆ ಸಾಧನಗಳಲ್ಲಿ ನಾಲ್ಕು ವರ್ಗಗಳಿವೆ. ಲೈಸೆನ್ಸ್ ಕಡ್ಡಾಯವಾದದ್ದು ‘ಎ’ ಮತ್ತು ‘ಬಿ’ ವರ್ಗಕ್ಕೆ 2022ರ ಅಕ್ಟೋಬರ್ 1ರಿಂದ, ‘ಸಿ’ ಮತ್ತು ‘ಡಿ’ ವರ್ಗಕ್ಕೆ 2023ರ ಅಕ್ಟೋಬರ್ 1ರಿಂದ. ಆಸ್ಪತ್ರೆಯವರು ಪೆಟ್ಟಿಗೆ ತೆರೆಯದೆಯೇ ಸಂಖ್ಯೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾಲ್ಕೈದು ವರ್ಷದ ಹಿಂದೆ ಅವರು ಕೇಳುತ್ತಿರಲಿಲ್ಲ, ಅಷ್ಟೆ.

ರೋಗನಿರ್ಣಯಕ್ಕೆ ನೆರವಾಗುವ ವಿದ್ಯುತ್‌ಚಾಲಿತ ಸಾಧನಗಳು ಸಾಮಾನ್ಯವಾಗಿ ‘ಬಿ’ ವರ್ಗಕ್ಕೆ ಸೇರುತ್ತವೆ. ಆದರೆ ಏರುಪೇರಾದರೆ ಒಡನೆ ಜೀವಾಪಾಯ ತರುವಂಥ ಹೃದಯದ ಸ್ಥಿತಿಯನ್ನು ನಿಗಾ ಇಡುವುದಕ್ಕೆಂದೇ ಮಾಡಿದ ಸಾಧನವಾದರೆ ಅದು ‘ಸಿ’ಗೆ ಏರುತ್ತದೆ. ‘ಬಿ’ ವರ್ಗದ ತಯಾರಿಕಾ ಲೈಸೆನ್ಸನ್ನು ರಾಜ್ಯದ ಪ್ರಾಧಿಕಾರ ಕೊಡುತ್ತದೆ, ‘ಸಿ’ ವರ್ಗದ್ದನ್ನು ದೆಹಲಿಯ ಕೇಂದ್ರ ಪ್ರಾಧಿಕಾರ ಕೊಡುತ್ತದೆ. ಶುಲ್ಕವನ್ನು ನೋಡಿ ಹೆದರಬೇಕಿಲ್ಲ: ‘ಬಿ’ಗೆ ಒಂದು ತಯಾರಿಕಾ ಜಾಗಕ್ಕೆ 5,000 ರೂಪಾಯಿ, ‘ಸಿ’ಗೆ 50,000 ರೂಪಾಯಿ, ಜೊತೆಗೆ ಪ್ರತಿ ಸಾಧನಕ್ಕೆ ಅಲ್ಪ ಮೊತ್ತ. ಹಣ ಕರಗುವುದು ಬೇರೆ ಕಡೆ. ಐಎಸ್‌ಒ 13485 ಮಾದರಿಯ ಗುಣಮಟ್ಟ ವ್ಯವಸ್ಥೆಯನ್ನು ಕಟ್ಟಬೇಕು, ಐಇಸಿ 60601ರಂತೆ ವಿದ್ಯುತ್ ಸುರಕ್ಷತೆಯ ಪರೀಕ್ಷೆ ಮಾಡಿಸಬೇಕು, ಸಾಫ್ಟ್‌ವೇರ್ ಬೆಳೆದು ಬಂದ ಬಗೆಯನ್ನು ಐಇಸಿ 62304ಕ್ಕೆ ತಕ್ಕಂತೆ ದಾಖಲಿಸಬೇಕು. ಕೊನೆಯದೇ ನಿಮ್ಮಂಥ ತಂಡಗಳಿಗೆ ನುಂಗಲಾರದ ತುತ್ತು, ಏಕೆಂದರೆ ಎರಡು ವರ್ಷದ ಹಿಂದೆ ಏಕೆ ಆ ಫಿಲ್ಟರ್ ಬದಲಿಸಿದಿರಿ ಎಂಬುದಕ್ಕೆ ಇಂದು ಯಾರ ಬಳಿಯೂ ಕಾಗದ ಇರುವುದಿಲ್ಲ.

ಮೇಲೆ ಹೇಳಿದ ಮೂರನೆಯ ವಾಕ್ಯದ (‘ಪತ್ತೆಹಚ್ಚುತ್ತದೆ’) ತೊಡಕು ಇದಕ್ಕಿಂತ ದೊಡ್ಡದು. ಅದೇ ಉದ್ದೇಶಕ್ಕೆ ಭಾರತದಲ್ಲಿ ಈಗಾಗಲೇ ಅನುಮತಿ ಪಡೆದ ಸಾಧನವೊಂದಿದ್ದರೆ ಅದನ್ನು ‘ಪ್ರೆಡಿಕೇಟ್’ ಎಂದು ತೋರಿಸಿ, ನಮ್ಮದೂ ಅದಕ್ಕೆ ಸಮಾನ ಎಂದು ವಾದಿಸಬಹುದು. ಅಂಥದ್ದು ಇಲ್ಲದಿದ್ದರೆ ನಿಮ್ಮದು ತನಿಖಾ ಹಂತದ ಸಾಧನವಾಗುತ್ತದೆ. ಆಗ ಎಂಡಿ-22 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ ಕ್ಲಿನಿಕಲ್ ಪರೀಕ್ಷೆಗೆ ಅನುಮತಿ ಪಡೆಯಬೇಕು, ಪರೀಕ್ಷೆ ಮುಗಿಸಬೇಕು, ಆಮೇಲೆ ಎಂಡಿ-26ರಲ್ಲಿ ಮತ್ತೊಂದು ಅರ್ಜಿ ಹಾಕಬೇಕು, ಅದಾದ ಮೇಲೆಯೇ ತಯಾರಿಕಾ ಲೈಸೆನ್ಸಿನ ಮಾತು. ಇದಕ್ಕೆ 14 ತಿಂಗಳು ಸಾಲುವುದಿಲ್ಲ ಎಂದು ಅನುಭವದಿಂದ ಹೇಳಬಲ್ಲೆ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಪರೀಕ್ಷೆಗೆ, ಪ್ರದರ್ಶನಕ್ಕೆ, ತರಬೇತಿಗೆ ಎಂದು ನಾಲ್ಕು ಸಾಧನ ತಯಾರಿಸಲಿಕ್ಕೂ ಎಂಡಿ-13 ಎಂಬ ಪರೀಕ್ಷಾ ಲೈಸೆನ್ಸ್ ಬೇಕು. ನೀವು ಆಸ್ಪತ್ರೆಗೆ ಒಯ್ದ ಪೆಟ್ಟಿಗೆಗೆ ಅದು ಇತ್ತೇ? ಇರಲಿಲ್ಲವಾದರೆ ನಾಳೆಯೇ ಅರ್ಜಿ ಹಾಕಿ.

ಕರ್ನಾಟಕದ ವಿನಾಯಿತಿಯ ಬಗ್ಗೆ: ನೀವು ಓದಿದ್ದು 2020ರ ಕರ್ನಾಟಕ ಇನ್ನೋವೇಷನ್ ಪ್ರಾಧಿಕಾರ ಕಾಯ್ದೆಯ ವಿಷಯ ಇರಬೇಕು. ಅದು ಸಡಿಲಿಸಬಲ್ಲದ್ದು ರಾಜ್ಯದ ಕಾನೂನುಗಳನ್ನು. ವೈದ್ಯಕೀಯ ಸಾಧನಗಳು ನಿಂತಿರುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಮೇಲೆ, ಅದು ಕೇಂದ್ರದ್ದು. ಆ ಬಾಗಿಲು ನಿಮಗೆ ತೆರೆಯುವುದಿಲ್ಲ.

ಉತ್ತರ: ಸೋತುಕಲಿತವ (ಮೈಸೂರು)

‘ವೆಲ್‌ನೆಸ್’ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ದಾರಿಯಲ್ಲಿ ನಡೆದು ಕಂಪನಿ ಮುಚ್ಚಿದವನು ನಾನು. ತಪ್ಪು ನಮ್ಮದೇ ಆಗಿತ್ತು, ಬೇರೆ ಯಾರನ್ನೂ ದೂರುತ್ತಿಲ್ಲ.

ನಮ್ಮದು ಬೆರಳಿಗೆ ಸಿಕ್ಕಿಸಿದರೆ ರಕ್ತ ತೆಗೆಯದೆಯೇ ಹಿಮೋಗ್ಲೋಬಿನ್ ಅಂದಾಜು ಮಾಡುವ ಸಾಧನ. 2020ರ ಕೊನೆಯಲ್ಲಿ ಮೊದಲ ಮಾದರಿ ತಯಾರಾಯಿತು. ಆಗ ನಮ್ಮಂಥವರಿಗೆ ಲೈಸೆನ್ಸ್ ಕಡ್ಡಾಯವಾಗಿರಲಿಲ್ಲ. ಹಾಗಿದ್ದೂ ಹೆದರಿ, ಪೆಟ್ಟಿಗೆಯ ಮೇಲೆ ‘ಆರೋಗ್ಯ ಅರಿವಿಗಾಗಿ ಮಾತ್ರ, ರೋಗನಿರ್ಣಯಕ್ಕಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿದೆವು. ನಮ್ಮ ಮಾರಾಟದ ಹುಡುಗನ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಮಾತ್ರ ‘ಸೂಜಿ ಚುಚ್ಚದೆ ರಕ್ತಹೀನತೆ ಪತ್ತೆ’ ಎಂದಿತ್ತು. ಈ ಎರಡು ಸಾಲುಗಳಲ್ಲಿ ಯಾವುದು ನಿಜವಾದ ಉದ್ದೇಶ ಎಂದು ಯಾರಾದರೂ ಕೇಳಿದ್ದರೆ ನಮ್ಮ ಬಳಿ ಉತ್ತರ ಇರಲಿಲ್ಲ. ಸುಮಾರು 40 ಸಾಧನ ಮಾರಿದೆವು. ಕೊಂಡವರು ಜಿಮ್‌ಗಳು ಮತ್ತು ಕೆಲವು ಔಷಧ ಅಂಗಡಿಗಳು. ವೈದ್ಯರು ಯಾರೂ ಕೊಳ್ಳಲಿಲ್ಲ. ‘ರೋಗನಿರ್ಣಯಕ್ಕಲ್ಲ’ ಎಂದು ನೀವೇ ಬರೆದಿರುವಾಗ ನನಗೇಕೆ ತಂದಿರಿ ಎಂದು ಒಬ್ಬರು ಮುಖಕ್ಕೇ ಕೇಳಿದರು.

ಅಷ್ಟು ಹೊತ್ತಿಗೆ ಪರಿಚಯದ ವೈದ್ಯರೊಬ್ಬರ ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ನಮ್ಮ ಸಾಧನವನ್ನು ಬಳಸಿದ್ದ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಇತ್ತು, ಫಲಿತಾಂಶವೂ ಚೆನ್ನಾಗಿತ್ತು. ಆ ಕಡತವನ್ನು ಎದೆಗವಚಿಕೊಂಡು ಸಲಹೆಗಾರರೊಬ್ಬರ ಬಳಿ ಹೋದೆವು. ಅವರು ಎರಡು ಪುಟ ತಿರುವಿ ಪಕ್ಕಕ್ಕಿಟ್ಟರು. ಶೈಕ್ಷಣಿಕ ಅಧ್ಯಯನಕ್ಕೆ ಕೇಂದ್ರದ ಅನುಮತಿ ಬೇಡ ಎಂಬ ವಿನಾಯಿತಿ ಇರುವುದು ಈಗಾಗಲೇ ಲೈಸೆನ್ಸ್ ಪಡೆದ ಸಾಧನಗಳಿಗೆ. ಅಂಥ ಅಧ್ಯಯನದ ದತ್ತಾಂಶವನ್ನು ಕೂಡ ಮಾರುಕಟ್ಟೆಯ ಅನುಮತಿಗೆಂದು ಸಲ್ಲಿಸುವಂತಿಲ್ಲ. ನಿಮ್ಮ ಸಾಧನಕ್ಕಂತೂ ಲೈಸೆನ್ಸೇ ಇರಲಿಲ್ಲ ಎಂದು ವಿವರಿಸಿದರು. ಒಂದು ವರ್ಷದ ಕೆಲಸ ಪ್ರಬಂಧವಾಗಿಯೇ ಉಳಿಯಿತು.

ಮೊದಲಿನಿಂದ ಮಾಡೋಣ ಎಂದು ಹೊರಟರೆ ಇನ್ನೊಂದು ಪೆಟ್ಟು ಕಾದಿತ್ತು. ಪ್ರಬಂಧದ ಕಾಲದಲ್ಲಿ ಬಳಸಿದ್ದ ಎಲ್‌ಇಡಿ ಮಾರುಕಟ್ಟೆಯಲ್ಲಿ ಸಿಗದಂತಾಗಿತ್ತು, ಬೇರೊಂದನ್ನು ಹಾಕಿದ್ದೆವು. ಅದರ ಬೆಳಕಿನ ತರಂಗಾಂತರದಲ್ಲಿ ಕೆಲವೇ ನ್ಯಾನೊಮೀಟರ್ ವ್ಯತ್ಯಾಸ. ಎಂಜಿನಿಯರ್ ಆಗಿ ಅದು ನನಗೆ ಗಮನಕ್ಕೂ ಬಾರದಷ್ಟು ಸಣ್ಣ ಬದಲಾವಣೆ. ಆದರೆ ಅದರ ಪರಿಣಾಮ ಲೆಕ್ಕಾಚಾರದ ಮೇಲೆ ಏನೂ ಇಲ್ಲ ಎಂದು ಸಾಬೀತು ಮಾಡುವ ಹೊಣೆ ನನ್ನದೇ ತಾನೆ. ಹಳೆಯ ಎಲ್‌ಇಡಿಯ ಸಾಧನ ಮೂರು ಮಾತ್ರ ಉಳಿದಿದ್ದವು, ಅವುಗಳಲ್ಲಿ ಒಂದು ಕೆಟ್ಟಿತ್ತು.

2022ರ ಅಕ್ಟೋಬರ್ ಬಂದಾಗ ನಮ್ಮ ಬಳಿ ಲೈಸೆನ್ಸೂ ಇರಲಿಲ್ಲ, ಅದನ್ನು ಪಡೆಯಲು ಬೇಕಾದ ಕಾಗದವೂ ಇರಲಿಲ್ಲ. ಆದ್ದರಿಂದ ನಾನು ಹೇಳುವುದಿಷ್ಟೇ: ನಿಮ್ಮ ಮೈಕ್‌ನ ಮಾದರಿ ಸಂಖ್ಯೆಯನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ, ಎರಡು ವರ್ಷಕ್ಕಾಗುವಷ್ಟು ಕೊಂಡು ಬೀರುವಿನಲ್ಲಿಡಿ.

ಒಂದು ಉಪಯೋಗದ ಮಾತನ್ನೂ ಹೇಳುತ್ತೇನೆ. ಸ್ವಂತ ಕಾರ್ಖಾನೆ ಕಟ್ಟಲೇಬೇಕು ಎಂದು ನಾವು ತಪ್ಪಾಗಿ ತಿಳಿದಿದ್ದೆವು. ಈಗಾಗಲೇ ಲೈಸೆನ್ಸ್ ಇರುವ ತಯಾರಕರ ಜಾಗದಲ್ಲಿ ನಿಮ್ಮ ಸಾಧನವನ್ನು ಮಾಡಿಸಿಕೊಳ್ಳಲು ‘ಲೋನ್ ಲೈಸೆನ್ಸ್’ ಎಂಬ ವ್ಯವಸ್ಥೆ ಇದೆ. ಹೆಸರಿನಲ್ಲಿ ಲೋನ್ ಇದ್ದರೂ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ.

ಉತ್ತರ: ಬೆಣ್ಣೆನಗರಿ_ವೈದ್ಯೆ (ದಾವಣಗೆರೆ)

ನಾನು ಮಕ್ಕಳ ವೈದ್ಯೆ, ನೈತಿಕ ಸಮಿತಿಯೊಂದರಲ್ಲಿ ಸದಸ್ಯೆಯಾಗಿಯೂ ಕುಳಿತಿದ್ದೇನೆ. ಈವರೆಗಿನ ಚರ್ಚೆಯಲ್ಲಿ ಕಾಗದದ ಮಾತೇ ಹೆಚ್ಚಾಯಿತು, ಆ ಕಾಗದ ಯಾಕೆ ಬೇಕು ಎಂಬುದನ್ನೂ ಸ್ವಲ್ಪ ನೋಡೋಣ.

ಆರೋಗ್ಯವಂತ ಮಕ್ಕಳಲ್ಲಿ ಅನೇಕರಿಗೆ ಮರ್ಮರ್ ಇರುತ್ತದೆ. ಅದನ್ನು ನಿರಪಾಯಕಾರಿ ಮರ್ಮರ್ ಎನ್ನುತ್ತೇವೆ. ಮಗು ಮಲಗಿದಾಗ ಒಂದು ಬಗೆ, ಎದ್ದು ಕುಳಿತಾಗ ಇನ್ನೊಂದು ಬಗೆ, ಜ್ವರ ಬಂದಾಗ ಜೋರು. ನಿಮ್ಮ ಕೆಂಪು ದೀಪ ಇದಕ್ಕೆಲ್ಲ ಹೊತ್ತಿಕೊಂಡರೆ, ಒಂದು ಶಾಲೆಯಿಂದಲೇ ಹತ್ತಿಪ್ಪತ್ತು ಮಕ್ಕಳನ್ನು ಜಿಲ್ಲಾ ಆಸ್ಪತ್ರೆಗೆ ಎಕೋ ಪರೀಕ್ಷೆಗೆ (ಹೃದಯದ ಅಲ್ಟ್ರಾಸೌಂಡ್) ಕಳುಹಿಸಬೇಕಾಗುತ್ತದೆ. ಹಳ್ಳಿಯ ತಾಯಿಗೆ ಅದೊಂದು ದಿನದ ಕೂಲಿ, ಬಸ್ಸಿನ ಖರ್ಚು, ‘ನನ್ನ ಮಗಳಿಗೆ ಹೃದಯದ ಕಾಯಿಲೆಯಂತೆ’ ಎಂಬ ದಿಗಿಲು. ಹಸಿರು ದೀಪ ತಪ್ಪಿದರೆ ಅದಕ್ಕಿಂತ ಕೆಟ್ಟದ್ದು. ಗಂಟಲು ಬೇನೆಯ ಹಿಂದೆಯೇ ಬರುವ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸುತ್ತದೆ. ಬೇಗ ಗೊತ್ತಾದರೆ ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು ರೋಗ ಮರುಕಳಿಸದಂತೆ ತಡೆಯಬಹುದು. ಆ ಅವಕಾಶವನ್ನೇ ತಪ್ಪಿಸುವ ಯಂತ್ರ ಯಂತ್ರವಿಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಹಸಿರು ನೋಡಿದ ಮೇಲೆ ಇನ್ನೊಮ್ಮೆ ಯಾರೂ ಕಿವಿಗೊಡುವುದಿಲ್ಲ.

ನಿಮ್ಮ ಪರೀಕ್ಷೆ ನಮ್ಮ ಸಮಿತಿಯ ಮುಂದೆ ಬಂದರೆ ನಾನು ಕೇಳುವುದು ಇವನ್ನೇ. ಹೋಲಿಕೆಗೆ ಪ್ರತಿ ಮಗುವಿಗೂ ಎಕೋ ಮಾಡಿಸುತ್ತೀರಾ, ಅಥವಾ ಕೆಂಪು ಬಂದವರಿಗೆ ಮಾತ್ರವೇ? ಕೆಂಪಿನವರಿಗೆ ಮಾತ್ರ ಮಾಡಿಸಿದರೆ ತಪ್ಪಿಹೋದವರ ಲೆಕ್ಕವೇ ಸಿಗುವುದಿಲ್ಲ. ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ 7 ವರ್ಷ ಮೇಲ್ಪಟ್ಟ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಆ ಪತ್ರ ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ ಇದೆಯೇ? ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುನ್ನವೇ ಪರೀಕ್ಷೆಯನ್ನು ಕ್ಲಿನಿಕಲ್ ಪರೀಕ್ಷೆಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಾಯಿಸಿದ್ದೀರಾ? ಈ ಪ್ರಶ್ನೆಗಳನ್ನು ಅಡ್ಡಗಾಲು ಎಂದು ಭಾವಿಸುವ ತಂಡಗಳನ್ನು ಕಂಡಿದ್ದೇನೆ. ನಿಮ್ಮ ಸಾಧನ ನಿಜಕ್ಕೂ ಒಳ್ಳೆಯದಾಗಿದ್ದರೆ ಅದನ್ನು ಲೋಕಕ್ಕೆ ತೋರಿಸುವ ದಾರಿ ಇದೊಂದೇ.

ಹಾಗೆಂದು ನಿಯಮಗಳೆಲ್ಲವೂ ತಂತ್ರಜ್ಞಾನಕ್ಕೆ ಹೊಂದಿಕೊಂಡೇ ಇವೆ ಎಂದು ನಾನು ಹೇಳಲಾರೆ. ಅಂಗೈಯಗಲದ ಅಲ್ಟ್ರಾಸೌಂಡ್ ಯಂತ್ರವನ್ನೇ ನೋಡಿ. ಮೊಬೈಲ್‌ಗೆ ಜೋಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ ಯಂತ್ರ, ಹಾಸಿಗೆ ಹಿಡಿದ ರೋಗಿಯ ಮನೆಯಲ್ಲೇ ಹೃದಯವನ್ನೋ ಶ್ವಾಸಕೋಶವನ್ನೋ ನೋಡಬಹುದು. ಆದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಕೊಂಡೊಯ್ಯಬಲ್ಲ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಬೇರೆ ಆರೋಗ್ಯ ಸೇವೆಗಳನ್ನೂ ಕೊಡುವ ಸಂಚಾರಿ ಘಟಕದಲ್ಲಿ ಮಾತ್ರ ಬಳಸಬಹುದು. ಜೇಬಿನಲ್ಲಿ ಹಿಡಿಸುತ್ತದೆ ಎಂಬುದೇ ಆ ಯಂತ್ರದ ಗುಣ, ಜೇಬಿನಲ್ಲಿ ಒಯ್ಯುವಂತಿಲ್ಲ ಎಂಬುದೇ ನಿಯಮ. ಈ ಕಾಯ್ದೆ ಏಕೆ ಬಂತೆಂದು ಹೆಣ್ಣುಮಗುವಿನ ತಾಯಿಯಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಅದನ್ನು ತೆಗೆಯಿರಿ ಎಂದು ಖಂಡಿತ ಹೇಳುವುದಿಲ್ಲ. ಆದರೆ ಇಂಥ ಯಂತ್ರ ತಯಾರಿಸುವ ಭಾರತೀಯ ಕಂಪನಿಗೆ ಸಾಧನದ ಲೈಸೆನ್ಸ್ ಸಿಕ್ಕಿದ ಮೇಲೂ ಮಾರುಕಟ್ಟೆಯ ಗಾತ್ರವನ್ನು ನಿರ್ಧರಿಸುವುದು ಸಾಧನದ ಕಾನೂನಲ್ಲ, ಇನ್ನೊಂದು ಕಾನೂನು. ನಿಮ್ಮ ಸ್ಟೆತಾಸ್ಕೋಪಿಗೆ ಆ ಕಾಟವಿಲ್ಲ, ಅದೃಷ್ಟ ಎನ್ನಿ. ಆದರೆ ಮಕ್ಕಳ ಧ್ವನಿ ದಾಖಲೆಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳುತ್ತೀರಲ್ಲ, 2023ರ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಬಗ್ಗೆ ಏನು ಹೇಳುತ್ತದೆಂದು ಒಮ್ಮೆ ಓದಿಕೊಳ್ಳಿ.

ಉತ್ತರ: ಎರ್ಲಾಂಗನ್_ಕನ್ನಡಿಗ (ಜರ್ಮನಿ)

ವಿದೇಶದ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಮೂಲತಃ ಶಿರಸಿಯವನು, ಇಲ್ಲಿ ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್ ವಿಭಾಗದಲ್ಲಿದ್ದೇನೆ.

ಹಿಂದೆ ಹೊಸ ಕಂಪನಿಗಳು ಮೊದಲು ಯುರೋಪಿಗೆ ಬರುತ್ತಿದ್ದವು. ರೋಗನಿರ್ಣಯಕ್ಕೆ ನೆರವಾಗುವ ಎಷ್ಟೋ ಸಾಫ್ಟ್‌ವೇರ್‌ಗಳು ಹಳೆಯ ನಿರ್ದೇಶನದಡಿ ಅತ್ಯಂತ ಕೆಳಗಿನ ವರ್ಗದಲ್ಲಿದ್ದವು, ತಯಾರಕರೇ ಘೋಷಣೆ ಬರೆದುಕೊಂಡು ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತು ಹಾಕಿಕೊಳ್ಳಬಹುದಿತ್ತು. 2021ರ ಮೇ 26ರಿಂದ ಹೊಸ ನಿಯಮಾವಳಿ ಜಾರಿಗೆ ಬಂತು. ಅದರ 11ನೆಯ ನಿಯಮದ ಪ್ರಕಾರ ರೋಗನಿರ್ಣಯದ ತೀರ್ಮಾನಕ್ಕೆ ಮಾಹಿತಿ ಕೊಡುವ ಸಾಫ್ಟ್‌ವೇರ್ ಕನಿಷ್ಠ ‘2ಎ’ ವರ್ಗಕ್ಕೆ ಸೇರುತ್ತದೆ, ಹಾಗಾಗಿ ಸ್ವತಂತ್ರ ಪರಿಶೀಲನಾ ಸಂಸ್ಥೆಯೊಂದು ಬಂದು ತಪಾಸಣೆ ಮಾಡಲೇಬೇಕು. ಆ ಸಂಸ್ಥೆಗಳ ಮುಂದಿನ ಸಾಲು ಎಷ್ಟು ಉದ್ದವಾಯಿತೆಂದರೆ, ಹಳೆಯ ಪ್ರಮಾಣಪತ್ರವಿದ್ದವರಿಗೆ 2023ರಲ್ಲಿ ಗಡುವನ್ನೇ 2027 ಮತ್ತು 2028ಕ್ಕೆ ಮುಂದೂಡಬೇಕಾಯಿತು. ನಿಮ್ಮಂತೆ ಹೊಸದಾಗಿ ಬರುವವರಿಗೆ ಆ ಮುಂದೂಡಿಕೆಯ ಲಾಭವಿಲ್ಲ. ಈಗ ಇಲ್ಲಿಯ ಕಂಪನಿಗಳೇ ಮೊದಲು ಅಮೆರಿಕಕ್ಕೆ ಹೋಗುತ್ತಿವೆ.

ಅಮೆರಿಕದಲ್ಲಿ ನಿಮಗೆ ಒಂದು ಅನುಕೂಲವಿದೆ. 2020ರ ಜನವರಿಯಲ್ಲಿಯೇ ಅಲ್ಲಿನ ಔಷಧ ಮತ್ತು ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಕೋ ಎಂಬ ಕಂಪನಿಯ ಮರ್ಮರ್ ಗುರುತಿಸುವ ಸಾಫ್ಟ್‌ವೇರ್‌ಗೆ 510(ಕೆ) ಹಾದಿಯಲ್ಲಿ, ಅಂದರೆ ಪ್ರೆಡಿಕೇಟ್ ತೋರಿಸಿ ಬರುವ ಹಾದಿಯಲ್ಲಿ, ಅನುಮತಿ ಕೊಟ್ಟಿದೆ. ಕಂಪನಿಯ ಹೆಸರಿಗೂ ಡಾಕ್ಟರ್ ಹೇಳಿದ ಎಕೋ ಪರೀಕ್ಷೆಗೂ ಸಂಬಂಧವಿಲ್ಲ, ಗೊಂದಲ ಬೇಡ. ಅಂದರೆ ಅಲ್ಲಿ ನಿಮಗೆ ಬೆರಳಿಟ್ಟು ತೋರಿಸಲು ಪ್ರೆಡಿಕೇಟ್ ಇದೆ. ಚಿಕ್ಕ ಕಂಪನಿಗಳಿಗೆ 510(ಕೆ) ಅರ್ಜಿಯ ಶುಲ್ಕ ಕಾಲು ಭಾಗ ಮಾತ್ರ. ಇದರಲ್ಲೊಂದು ವಿಚಿತ್ರವಿದೆ: ಮೊದಲು ಹೋದವನು ಕಲ್ಲುಮುಳ್ಳು ಸವರಿ ದಾರಿ ಮಾಡಬೇಕು, ಎರಡನೆಯವನು ಆ ದಾರಿಯಲ್ಲಿ ನಡೆದರಾಯಿತು. 2018ರಲ್ಲಿ ಮಧುಮೇಹಿಗಳ ಕಣ್ಣಿನ ಅಕ್ಷಿಪಟಲ ನೋಡಿ ವೈದ್ಯರ ನೆರವಿಲ್ಲದೆ ತೀರ್ಪು ಕೊಡುವ ಐಡಿಎಕ್ಸ್-ಡಿಆರ್ ಬಂದಾಗ ಪ್ರೆಡಿಕೇಟ್ ಇರಲಿಲ್ಲ. ಅದು ‘ಡಿ ನೋವೊ’ ಎಂಬ ಬೇರೆ ಹಾದಿಯಲ್ಲಿ ಬರಬೇಕಾಯಿತು. ನಂತರ ಬಂದವರು ಅದನ್ನೇ ತೋರಿಸಿ 510(ಕೆ)ಯಲ್ಲಿ ಬಂದರು.

ಕಲಿಯುತ್ತಲೇ ಇರುವ ಸಾಫ್ಟ್‌ವೇರ್ ವಿಷಯದಲ್ಲಿಯೂ ಅಲ್ಲಿ ಒಂದು ವ್ಯವಸ್ಥೆ ಬಂದಿದೆ. ಮುಂದೆ ಮಾದರಿಯಲ್ಲಿ ಯಾವ ಬದಲಾವಣೆ ಮಾಡುತ್ತೀರಿ, ಅದನ್ನು ಹೇಗೆ ಪರೀಕ್ಷಿಸುತ್ತೀರಿ ಎಂಬ ಯೋಜನೆಯನ್ನು ಮೊದಲ ಅರ್ಜಿಯಲ್ಲೇ ಒಪ್ಪಿಸಿಕೊಂಡರೆ, ಪ್ರತಿ ಸಲ ಹೊಸ ಅರ್ಜಿ ಹಾಕಬೇಕಿಲ್ಲ. ಇದರ ಅಂತಿಮ ಮಾರ್ಗಸೂಚಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮೈಸೂರಿನವರ ಎಲ್‌ಇಡಿ ಕಥೆ ಓದುವಾಗ ನನಗೆ ಇದು ನೆನಪಾಯಿತು.

ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಅಮೆರಿಕಕ್ಕೆ ಹೋಗುತ್ತಿರಲಿಲ್ಲ. ಅಲ್ಲಿನ ಅನುಮತಿ ಸಿಕ್ಕರೂ ಹುಬ್ಬಳ್ಳಿಯಲ್ಲಿ ತಯಾರಿಸಿ ಗದಗಿನ ಶಾಲೆಯಲ್ಲಿ ಬಳಸಲು ಭಾರತದ ಲೈಸೆನ್ಸೇ ಬೇಕು. ಮೇಲಾಗಿ ರುಮ್ಯಾಟಿಕ್ ಹೃದಯರೋಗ ಅಲ್ಲಿ ಈಗ ಅಪರೂಪ. ನಿಮ್ಮ ಸಾಧನದ ಬೆಲೆ ತಿಳಿಯುವುದು ನಮ್ಮ ಊರಿನಲ್ಲಿ.

ಪ್ರತಿಕ್ರಿಯೆ: ಉಣಕಲ್‌ಕೆರೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮೂವರೂ ಕುಳಿತು ಬಿಳಿ ಹಲಗೆಯ ಮೇಲೆ ಆ ಮೊದಲ ವಾಕ್ಯವನ್ನು ಬರೆಯಲು ಹೊರಟೆವು. ನಾನು ‘ಪತ್ತೆಹಚ್ಚುತ್ತದೆ’ ಎಂದು ಬರೆದೆ, ನಮ್ಮ ಹಾರ್ಡ್‌ವೇರ್ ನೋಡಿಕೊಳ್ಳುವವನು ಅದನ್ನು ಅಳಿಸಿ ‘ದಾಖಲಿಸುತ್ತದೆ’ ಎಂದ, ಇನ್ನೊಬ್ಬಳು ಎರಡನ್ನೂ ಅಳಿಸಿದಳು. ಎರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ ನಾವು ಮೂವರು ಮೂರು ಬೇರೆ ಸಾಧನಗಳನ್ನು ಮಾಡುತ್ತಿದ್ದೆವು ಎಂಬುದು ಆಗ ತಿಳಿಯಿತು.

ಕೊನೆಗೆ ಹೀಗೆ ತೀರ್ಮಾನಿಸಿದ್ದೇವೆ. ಮೊದಲ ಸಾಧನ ಸದ್ದನ್ನು ಹಿಗ್ಗಿಸಿ ದಾಖಲಿಸುತ್ತದೆ, ಅಷ್ಟೇ. ಅದಕ್ಕೆ ಲೋನ್ ಲೈಸೆನ್ಸ್ ಹಾದಿಯಲ್ಲಿ ಅರ್ಜಿ ಹಾಕುತ್ತೇವೆ. ಮರ್ಮರ್ ಗುರುತಿಸುವ ಸಾಫ್ಟ್‌ವೇರ್‌ಗೆ ಈಗಿನಿಂದಲೇ ಬೇರೆ ಕಡತ ತೆರೆದು, ವೈದ್ಯಕೀಯ ಕಾಲೇಜೊಂದರ ಜೊತೆ ಸರಿಯಾದ ಅನುಮತಿಯೊಂದಿಗೆ ಪರೀಕ್ಷೆಗೆ ಸಿದ್ಧತೆ ಮಾಡುತ್ತೇವೆ. ಹಣ ಹೂಡುವವರಿಗೂ ಇದನ್ನೇ ತಿಳಿಸಿದೆವು. ಮೊದಲ ಉತ್ಪನ್ನ ಇಷ್ಟು ಸರಳವಾಗಿದ್ದರೆ ಇದರಲ್ಲಿ ಹೊಸತೇನಿದೆ ಎಂದು ಕೇಳಿದ್ದಾರೆ, ಉತ್ತರ ಇನ್ನೂ ಯೋಚಿಸುತ್ತಿದ್ದೇವೆ.

ಒಂದು ಸಂಶಯ ಉಳಿದಿದೆ. ಮೊದಲ ಸಾಧನದ ಆ್ಯಪ್‌ನಲ್ಲಿ ಮರ್ಮರ್ ಗುರುತಿಸುವ ಭಾಗವನ್ನು ತೆಗೆಯದೆ, ಪರದೆಯ ಮೇಲೆ ಕಾಣದಂತೆ ಮುಚ್ಚಿಟ್ಟರೆ ಸಾಕೇ? ಮುಂದೆ ಅನುಮತಿ ಬಂದಾಗ ಒಂದು ಗುಂಡಿ ಒತ್ತಿ ತೆರೆಯಬಹುದಲ್ಲ.

ಉತ್ತರ: ನಿಯಮನೋಟ (ಬೆಂಗಳೂರು)

ಬೇಡ. ಮುಚ್ಚಿಟ್ಟದ್ದನ್ನು ಯಾರೋ ಒಬ್ಬರು ತೆರೆಯುತ್ತಾರೆ, ಸಾಮಾನ್ಯವಾಗಿ ನಿಮ್ಮದೇ ಮಾರಾಟ ತಂಡದವರು, ಪ್ರದರ್ಶನದ ದಿನ. ಮಾರಾಟಕ್ಕೆ ಹೋಗುವ ಆವೃತ್ತಿಯಲ್ಲಿ ಆ ಭಾಗವೇ ಇರಬಾರದು. ಪರೀಕ್ಷೆಗೆ ಬಳಸುವ ಆವೃತ್ತಿ ಬೇರೆ, ಅದರ ಸಂಖ್ಯೆ ಬೇರೆ, ಅದು ಇರುವ ಮೊಬೈಲ್‌ಗಳ ಮೇಲೆ ‘ಪರೀಕ್ಷೆಗಾಗಿ ಮಾತ್ರ’ ಎಂಬ ಚೀಟಿ ಇರಲಿ.

ಜೊತೆಗೆ, ಆ್ಯಪ್ ಸ್ಟೋರ್‌ನಲ್ಲಿ ನೀವು ಹಾಕುವ ವಿವರಣೆ, ಚಿತ್ರಗಳು, ನಿಮ್ಮ ಜಾಲತಾಣದ ಮೊದಲ ಪುಟ, ಮೇಳಗಳಲ್ಲಿ ನಿಲ್ಲಿಸುವ ಬ್ಯಾನರ್, ಇವೆಲ್ಲದರಲ್ಲಿಯೂ ಆ ಬಿಳಿ ಹಲಗೆಯ ವಾಕ್ಯವೇ ಇರಬೇಕು. ಈಗ ನಿಮ್ಮ ಜಾಲತಾಣದಲ್ಲಿ ಏನಿದೆಯೋ ನನಗೆ ತಿಳಿಯದು. ಅರ್ಜಿ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ, ‘ಪತ್ತೆ’ ಎಂಬ ಪದ ಎಲ್ಲೆಲ್ಲಿದೆಯೋ ಹುಡುಕಿ ತೆಗೆಯಿರಿ. ಹಣ ಹೂಡುವವರ ಪ್ರಶ್ನೆಗೆ ಎರಡನೆಯ ಕಡತವನ್ನೇ ತೋರಿಸಿ, ಅದರ ಮೊದಲ ಪುಟದಲ್ಲಿ ಎಂಡಿ-13ರ ಅರ್ಜಿ ಸಲ್ಲಿಸಿದ ದಿನಾಂಕ ಇರಲಿ.